ಓದುಗರ ಪ್ರಶ್ನೆಗಳಿಗೆ ಉತ್ತರ: ಬಾಯಿಮಾತಿನ ಮೇಲೆ ಮೇಲ್ಮನವಿ ಹೋಗಲಾಗದು

ಖಾತೆ, ಆಸ್ತಿ ತೆರಿಗೆ, ಕಟ್ಟಡ ಪರವಾನಗಿ ಹಾಗೂ ಪಾಲಿಕೆಯ ಬೈಲಾಗಳ ಬಗ್ಗೆ ಬೆಂಗಳೂರಿನ ಓದುಗರು ಬರೆದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಬರೆದವರಲ್ಲಿ ಹೆಚ್ಚಿನವರ ಕಡತಗಳು ಇನ್ನೂ ಕಚೇರಿಯಲ್ಲಿಯೇ ಇರುವುದರಿಂದ ಅವರ ಹೆಸರು ಮತ್ತು ಬಡಾವಣೆಯನ್ನು ಬಿಟ್ಟಿದ್ದೇವೆ. ಉತ್ತರಗಳನ್ನು ಓದುವಾಗ ಒಂದು ಹಿನ್ನೆಲೆ ನೆನಪಿರಲಿ. ನಗರದ ಆಸ್ತಿ ಕಡತಗಳಲ್ಲಿ ಈಗ ಮೂರು ಕಾಯ್ದೆಗಳ ಹೆಸರು ಕಾಣಸಿಗುತ್ತದೆ. ಹಳೆಯ ಆದೇಶಗಳು 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆಯಡಿ, ನಂತರದವು 2021ರ ಜನವರಿ 11ರಂದು ಜಾರಿಗೆ ಬಂದ ಬಿಬಿಎಂಪಿ ಕಾಯ್ದೆಯಡಿ, ಇತ್ತೀಚಿನವು 2025ರ ಮೇ 15ರಂದು ಜಾರಿಗೆ ಬಂದ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯಡಿ ಹೊರಟಿರುತ್ತವೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಕೊನೆಗೊಂಡು ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂಬ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ನಿಮ್ಮ ಕೈಗೆ ಯಾವುದೇ ನೋಟಿಸು ಅಥವಾ ಆದೇಶ ಬಂದರೆ ಮೊದಲು ಅದರ ಶಿರೋಭಾಗದಲ್ಲಿ ಯಾವ ಕಾಯ್ದೆ, ಯಾವ ಕಲಂ ಎಂದು ನೋಡಿ. ಮೇಲ್ಮನವಿಯ ದಾರಿ ಮತ್ತು ಅವಧಿ ಅದರಿಂದಲೇ ತೀರ್ಮಾನವಾಗುತ್ತದೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಯಜಮಾನರು ಉಯಿಲು ಬರೆಯದೆ ತೀರಿಕೊಂಡರು. ಮನೆ ಅವರ ಸ್ವಂತ ಸಂಪಾದನೆಯದು. ಖಾತೆಯನ್ನು ನನ್ನ ಹೆಸರಿಗೆ ಮಾಡಿಸಲು ಹೋದರೆ, ಪಾಲಿಕೆ ಬದಲಾಗಿದೆ, ಹಳೆಯ ಕಡತ ಇನ್ನೂ ಬಂದಿಲ್ಲ, ಮುಂದಿನ ತಿಂಗಳು ಬನ್ನಿ ಎನ್ನುತ್ತಾರೆ, ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳಿದ್ದಾಳೆ. ಯಾರಿಗೂ ತಕರಾರಿಲ್ಲ. ಏನು ಮಾಡಲಿ?

ಉತ್ತರ: ತಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ವಿಷಯಗಳಿವೆ. ಒಂದು, ಖಾತೆ ಯಾರ ಹೆಸರಿಗೆ ಆಗಬೇಕು ಎಂಬುದು. ಇನ್ನೊಂದು, ಕಚೇರಿ ಅರ್ಜಿಯನ್ನೇ ಮುಟ್ಟದಿದ್ದರೆ ಏನು ಮಾಡಬೇಕು ಎಂಬುದು.

ಮೊದಲನೆಯದಕ್ಕೆ ಬರುತ್ತೇನೆ. ಖಾತೆಯೆಂದರೆ ತೆರಿಗೆ ಕಟ್ಟುವ ಹೊಣೆ ಯಾರದು ಎಂದು ಪಾಲಿಕೆ ತನ್ನ ವಹಿಯಲ್ಲಿ ಬರೆದಿಟ್ಟುಕೊಳ್ಳುವ ದಾಖಲೆ. ಅದು ಮಾಲೀಕತ್ವವನ್ನು ಕೊಡುವುದೂ ಇಲ್ಲ, ಕಸಿಯುವುದೂ ಇಲ್ಲ. ಮಾಲೀಕತ್ವ ಬರುವುದು ಕ್ರಯಪತ್ರ, ದಾನಪತ್ರ, ಉಯಿಲು ಅಥವಾ ಉತ್ತರಾಧಿಕಾರದಿಂದ. ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ, ಉಯಿಲಿಲ್ಲದೆ ತೀರಿಕೊಂಡ ಪುರುಷನ ಸ್ವಯಾರ್ಜಿತ ಆಸ್ತಿ ಪತ್ನಿಗೆ, ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಮತ್ತು ಬದುಕಿದ್ದರೆ ತಾಯಿಗೆ ಸಮಪಾಲಾಗಿ ಹೋಗುತ್ತದೆ. ಅತ್ತೆಯವರು ಇಲ್ಲವೆಂದಾದರೆ ತಮಗೂ ಮೂವರು ಮಕ್ಕಳಿಗೂ ತಲಾ ನಾಲ್ಕನೇ ಒಂದು ಪಾಲು. ಆದ್ದರಿಂದ ಖಾತೆಯನ್ನು ನಾಲ್ವರ ಜಂಟಿ ಹೆಸರಿಗೆ ಮಾಡಿಸುವುದು ಸರಳವಾದ ಕ್ರಮ. ತಮ್ಮೊಬ್ಬರ ಹೆಸರಿಗೇ ಆಗಬೇಕೆಂದರೆ ಮಕ್ಕಳು ಮೂವರೂ ಹಕ್ಕು ಖುಲಾಸೆ ಪತ್ರವನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿ ಕೊಡಬೇಕು. ಬಿಳಿ ಹಾಳೆಯ ಮೇಲೆ ಬರೆದ ಒಪ್ಪಿಗೆ ಇದಕ್ಕೆ ಸಾಲದು. ಮಗಳಿಗೆ ಮದುವೆಯಾಗಿದೆ, ಆದ್ದರಿಂದ ಅವಳ ಸಹಿ ಬೇಡ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಅವಳ ಹಕ್ಕು ಅಣ್ಣತಮ್ಮಂದಿರ ಹಕ್ಕಿಗೆ ಸಮನಾದದ್ದು, ಮತ್ತು ಅವಳನ್ನು ಬಿಟ್ಟು ಮಾಡಿಸಿದ ಖಾತೆ ಮುಂದೊಂದು ದಿನ ಇಡೀ ಕುಟುಂಬವನ್ನು ಸಿವಿಲ್ ನ್ಯಾಯಾಲಯಕ್ಕೆ ಎಳೆಯುತ್ತದೆ.

ಅರ್ಜಿಯ ಜೊತೆ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ಪಡೆದ ವಂಶವೃಕ್ಷ, ಯಜಮಾನರ ಹೆಸರಿನ ಕ್ರಯಪತ್ರ, ಋಣಭಾರ ಪತ್ರ ಮತ್ತು ಇತ್ತೀಚಿನ ತೆರಿಗೆ ರಸೀದಿ ಇರಲಿ. 2024ರ ಅಕ್ಟೋಬರ್‌ನಿಂದ ನೋಂದಣಿಗೆ ಇ-ಖಾತೆ ಕಡ್ಡಾಯವಾಗಿರುವುದರಿಂದ, ಖುಲಾಸೆ ಪತ್ರದ ದಾರಿ ಹಿಡಿದರೂ ಮೊದಲು ಇ-ಆಸ್ತಿ ಜಾಲತಾಣದಲ್ಲಿ ತಮ್ಮ ಮನೆಯ ಕರಡು ಇ-ಖಾತೆ ಇದೆಯೇ ಎಂದು ನೋಡಬೇಕಾಗುತ್ತದೆ. ವಾರ್ಡ್ ಮತ್ತು ಯಜಮಾನರ ಹೆಸರು ಕೊಟ್ಟು ಹುಡುಕಬಹುದು. ಹೆಸರಿನ ಕಾಗುಣಿತ, ನಿವೇಶನದ ಅಳತೆ, ಚಕ್ಕುಬಂದಿ ಇವು ಕ್ರಯಪತ್ರದಲ್ಲಿರುವಂತೆಯೇ ಇವೆಯೇ ಎಂದು ಅಕ್ಷರ ಅಕ್ಷರವಾಗಿ ಹೋಲಿಸಿ. ಇನಿಷಿಯಲ್ ಬಿಟ್ಟುಹೋಗಿರುವುದು, ಪೂರ್ವ ಪಶ್ಚಿಮ ಅದಲುಬದಲಾಗಿರುವುದು ಬಹಳ ಸಾಮಾನ್ಯ, ಮತ್ತು ಅವನ್ನು ಅಂತಿಮ ಇ-ಖಾತೆ ಬರುವ ಮೊದಲೇ ತಿದ್ದಿಸುವುದು ಸುಲಭ.

ಈಗ ಎರಡನೆಯ ವಿಷಯ. ಪಾಲಿಕೆಯ ಹೆಸರು ಬದಲಾದ ಮಾತ್ರಕ್ಕೆ ನಾಗರಿಕರ ಅರ್ಜಿ ಸ್ವೀಕರಿಸುವ ಹೊಣೆ ನಿಂತುಹೋಗುವುದಿಲ್ಲ. ಹಳೆಯ ಕಡತ ಬಂದಿಲ್ಲವೆಂಬುದು ಅವರ ಒಳಗಿನ ತೊಂದರೆ. ಆದರೆ ಕೌಂಟರಿನಲ್ಲಿ ಹೇಳಿದ ಮಾತಿನ ಮೇಲೆ ತಾವು ಯಾರ ಬಳಿಗೂ ಮೇಲ್ಮನವಿ ಒಯ್ಯಲಾಗದು, ಏಕೆಂದರೆ ಹಾಗೆ ಹೇಳಿದರೆಂಬುದಕ್ಕೆ ಯಾವ ಕಾಗದವೂ ಇಲ್ಲ. ಆದ್ದರಿಂದ ಅರ್ಜಿಯನ್ನು ಆನ್‌ಲೈನ್‌ನಲ್ಲಿ ಅಥವಾ ಬೆಂಗಳೂರು ಒನ್ ಕೇಂದ್ರದಲ್ಲಿ ಸಲ್ಲಿಸಿ, ಸಂಖ್ಯೆ ಮತ್ತು ದಿನಾಂಕವಿರುವ ಸ್ವೀಕೃತಿ ಪಡೆಯಿರಿ. ಸೇವೆಯು, ನಿಗದಿತ ದಿನದೊಳಗೆ ಸರ್ಕಾರಿ ಕೆಲಸ ಆಗಬೇಕೆನ್ನುವ ಸಕಾಲದ ವ್ಯಾಪ್ತಿಗೆ ಬರುವುದಾದರೆ ಎಷ್ಟು ದಿನದೊಳಗೆ ಕೆಲಸ ಆಗಬೇಕೆಂಬುದು ಸ್ವೀಕೃತಿಯಲ್ಲಿಯೇ ನಮೂದಾಗಿರುತ್ತದೆ. ಆ ದಿನ ದಾಟಿದರೆ 2011ರ ಸಕಾಲ ಕಾಯ್ದೆಯಂತೆ ಸಕ್ಷಮ ಅಧಿಕಾರಿಗೆ ಮೊದಲ ಮೇಲ್ಮನವಿ ಸಲ್ಲಿಸಬಹುದು. ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವೂ ಇದೆ. ಮೊತ್ತ ಸಣ್ಣದಾದರೂ ಅದನ್ನು ತಡಮಾಡಿದ ನೌಕರರಿಂದಲೇ ವಸೂಲು ಮಾಡಬೇಕೆಂಬ ನಿಯಮದಿಂದಾಗಿ ಕಡತ ಚಲಿಸುತ್ತದೆ. ಇದಕ್ಕೂ ಮೊದಲು ಕಂದಾಯ ವಿಭಾಗದ ಸಹಾಯಕ ಕಂದಾಯ ಅಧಿಕಾರಿಗೆ ಒಂದು ಪತ್ರ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಒಕ್ಕಣೆ ಹೀಗಿದ್ದರೆ ಸಾಕು: “ಮೇಲ್ಕಂಡ ಸಂಖ್ಯೆಯ ಅರ್ಜಿಯನ್ನು ಸಲ್ಲಿಸಿದ್ದು, ಈವರೆಗೆ ಆದೇಶವಾಗಲಿ ಹಿಂಬರಹವಾಗಲಿ ಬಂದಿರುವುದಿಲ್ಲ. ಖಾತೆ ವರ್ಗಾವಣೆಗೆ ಅಡ್ಡಿಯಿದ್ದಲ್ಲಿ ಕಾರಣಗಳನ್ನು ನಮೂದಿಸಿ ಹಿಂಬರಹ ನೀಡಬೇಕೆಂದು ಕೋರುತ್ತೇನೆ.” ಕೋಪದ ಮಾತಾಗಲಿ, ದೂರಿನ ಪಟ್ಟಿಯಾಗಲಿ ಬೇಡ. ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಕೈಗೆ ಬಂದರೆ ಅದರಲ್ಲಿ ಬರೆದ ಕಾರಣಕ್ಕೆ ಉತ್ತರ ಕೊಡಬಹುದು, ಇಲ್ಲವೇ ಅದನ್ನೇ ಮುಂದಿಟ್ಟುಕೊಂಡು ಮೇಲಿನ ಅಧಿಕಾರಿಯ ಬಳಿಗೆ, ಅಗತ್ಯ ಬಿದ್ದರೆ ಹೈಕೋರ್ಟಿಗೂ ಹೋಗಬಹುದು.

ಪ್ರಶ್ನೆ: ನಮ್ಮ 30×40 ನಿವೇಶನದಲ್ಲಿ ಕೆಳಗೆ ನಾವು, ಮೇಲೆ ಮಗ ಸೊಸೆ ಇದ್ದೇವೆ. ಎರಡು ವಿದ್ಯುತ್ ಮೀಟರ್ ಇವೆ. ಮೇಲಿನ ಮನೆ ಬಾಡಿಗೆಗೆ ಇದೆ, ಅಳತೆಯನ್ನೂ ಕಡಿಮೆ ತೋರಿಸಿದ್ದೀರಿ ಎಂದು ಹಿಂದಿನ ವರ್ಷಗಳ ವ್ಯತ್ಯಾಸ, ದಂಡ, ಬಡ್ಡಿ ಸೇರಿಸಿ ನೋಟಿಸು ಬಂದಿದೆ. ಪೂರ್ತಿ ಕಟ್ಟಿಬಿಡುವುದೇ ಒಳ್ಳೆಯದೆಂದು ಪರಿಚಯದವರು ಹೇಳುತ್ತಾರೆ.

ಉತ್ತರ: ಲೆಕ್ಕ ನೋಡದೆ ಕಟ್ಟಬೇಡಿ, ಲೆಕ್ಕ ನೋಡದೆ ಜಗಳಕ್ಕೂ ಹೋಗಬೇಡಿ. ಬೆಂಗಳೂರಿನಲ್ಲಿ 2008-09ರಿಂದ ಇರುವುದು ಘಟಕ ವಿಸ್ತೀರ್ಣ ಮೌಲ್ಯ ಪದ್ಧತಿ. ಬೀದಿಗಳನ್ನು ಎ ಇಂದ ಎಫ್‌ವರೆಗೆ ವಲಯಗಳಾಗಿ ವಿಂಗಡಿಸಿ, ಪ್ರತಿ ಚದರಡಿಗೆ ತಿಂಗಳಿಗೆ ಇಷ್ಟು ಎಂದು ದರ ಗೊತ್ತುಮಾಡಲಾಗಿದೆ. ಕಟ್ಟಡದ ವಿಸ್ತೀರ್ಣವನ್ನು ಆ ದರದಿಂದ ಗುಣಿಸಿ, ಹನ್ನೆರಡರ ಬದಲು ಹತ್ತು ತಿಂಗಳಿಗೆ ಲೆಕ್ಕ ಹಾಕಿ, ಕಟ್ಟಡದ ವಯಸ್ಸಿಗೆ ತಕ್ಕಂತೆ ಸವಕಳಿ ಕಳೆದು, ವಾಸದ ಮನೆಯಾದರೆ ಉಳಿದದ್ದರ ಶೇ 20ರಷ್ಟನ್ನು ತೆರಿಗೆಯಾಗಿ ಕಟ್ಟಬೇಕು. ಅದರ ಮೇಲೆ ಸೆಸ್ ಸೇರುತ್ತದೆ. ಬಾಡಿಗೆ ಮನೆಯ ದರ ಸ್ವಂತ ವಾಸದ ದರದ ಎರಡು ಪಟ್ಟು. ನಿಮ್ಮ ತಕರಾರೆಲ್ಲ ಇರುವುದು ಈ ಎರಡು ಪಟ್ಟಿನಲ್ಲಿಯೇ.

ಸುಲಭವಾಗಲೆಂದು ದರಗಳನ್ನು 2 ಮತ್ತು 4 ರೂಪಾಯಿ ಎಂದು ಊಹಿಸಿಕೊಂಡು, ಸವಕಳಿಯನ್ನು ಬಿಟ್ಟು ನೋಡೋಣ. ಕೆಳಗೆ 900, ಮೇಲೆ 800 ಚದರಡಿ ಇದೆಯೆಂದುಕೊಳ್ಳಿ. ಎರಡೂ ಸ್ವಂತ ವಾಸವಾದರೆ 1,700ನ್ನು 2ರಿಂದ, ನಂತರ 10ರಿಂದ ಗುಣಿಸಿದರೆ 34,000. ತೆರಿಗೆ 6,800 ರೂಪಾಯಿ. ಮೇಲಿನದು ಬಾಡಿಗೆಯೆಂದಾದರೆ ಕೆಳಗಿನದಕ್ಕೆ 18,000, ಮೇಲಿನದಕ್ಕೆ 32,000, ಒಟ್ಟು 50,000. ತೆರಿಗೆ 10,000 ರೂಪಾಯಿ. ವರ್ಷಕ್ಕೆ 3,200 ರೂಪಾಯಿಯ ಅಂತರ, ಹಲವು ವರ್ಷಗಳ ದಂಡ ಮತ್ತು ಬಡ್ಡಿಯೊಂದಿಗೆ ನಿಮ್ಮ ನೋಟಿಸಿನಲ್ಲಿ ಕಾಣುವಷ್ಟು ದೊಡ್ಡದಾಗಿ ಬೆಳೆಯುತ್ತದೆ.

ಎರಡು ಮೀಟರ್ ಇವೆಯೆಂಬ ಕಾರಣಕ್ಕೇ ಮನೆ ಬಾಡಿಗೆಯದೆಂದು ತೀರ್ಮಾನಿಸಲಾಗದು. ಮೇಲಿನ ಮೀಟರಿನ ಬಿಲ್ಲು, ಮಗನ ಆಧಾರ್ ಅಥವಾ ಪಡಿತರ ಚೀಟಿಯಲ್ಲಿರುವ ವಿಳಾಸ, ಬಾಡಿಗೆ ಪಡೆಯುತ್ತಿಲ್ಲವೆಂಬ ಪ್ರಮಾಣಪತ್ರ (ಅಫಿಡವಿಟ್) ಇವನ್ನು ಜೋಡಿಸಿ ನೋಟಿಸಿನಲ್ಲಿ ಹೇಳಿರುವ ಅವಧಿಯೊಳಗೆ ಲಿಖಿತ ಆಕ್ಷೇಪಣೆ ಕೊಡಿ. ಅಳತೆಯ ಬಗ್ಗೆ, ಸ್ಥಳ ಪರಿಶೀಲನೆ ನಡೆದ ದಿನಾಂಕ ಮತ್ತು ವರದಿಯ ಪ್ರತಿಯನ್ನು ಕೇಳಿ. ಯಾರೂ ಮನೆಗೆ ಬಂದು ಅಳೆದಿಲ್ಲವಾದರೆ ಹಾಗೆಂದೇ ಬರೆದು, ನಿಮ್ಮ ಸಮಕ್ಷಮ ಅಳೆಯಬೇಕೆಂದು ಕೋರಿ. ಹಾಗೆಯೇ ನೋಟಿಸಿನಲ್ಲಿರುವ ವಲಯ ನಿಮ್ಮ ಬೀದಿಗೆ ನಿಗದಿಯಾದದ್ದೇ ಎಂದು ಪಟ್ಟಿಯಲ್ಲಿ ನೋಡಿ. ಪಕ್ಕದ ಮುಖ್ಯರಸ್ತೆಯ ವಲಯವನ್ನು ಅಡ್ಡರಸ್ತೆಗೆ ಹಾಕಿಬಿಡುವುದುಂಟು. ಇಷ್ಟೆಲ್ಲ ಮಾಡುವಾಗ ನಿಮ್ಮ ಕಡೆಯಿಂದ ಕಾರು ನಿಲ್ಲಿಸುವ ಜಾಗವನ್ನೋ ತಾರಸಿಯ ಕೋಣೆಯನ್ನೋ ಬಿಟ್ಟಿರುವುದು ಕಂಡರೆ ಅದಕ್ಕೆ ಸಲ್ಲುವ ತೆರಿಗೆಯನ್ನು ಮಾತ್ರ ಒಪ್ಪಿ ಕಟ್ಟಿಬಿಡಿ. ತಕರಾರಿಲ್ಲದ ಮೊತ್ತವನ್ನು ಕಟ್ಟಿದವರ ಆಕ್ಷೇಪಣೆಗೆ ತೂಕ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಆಕ್ಷೇಪಣೆಯನ್ನು ತಳ್ಳಿಹಾಕಿದರೆ ಕಾರಣಸಹಿತ ಆದೇಶದ ಪ್ರತಿ ಕೇಳಿ ಪಡೆಯಿರಿ. ಬೇಡಿಕೆಯ ಮೊತ್ತ ಮಾತ್ರವಿರುವ ಎರಡನೆಯ ನೋಟಿಸು ಆದೇಶವಲ್ಲ.

ಪ್ರಶ್ನೆ: ಮನೆಯ ಮುಂದಿನ ಕೋಣೆಯಲ್ಲಿ ಚಟ್ನಿಪುಡಿ, ಹಪ್ಪಳ ಮಾಡಿ ಮಾರುತ್ತೇನೆ. ಆಹಾರ ಸುರಕ್ಷತೆಯ ನೋಂದಣಿ ಇದೆ. ಪಾಲಿಕೆಯ ಲೈಸೆನ್ಸೂ ಬೇಕೇ?

ಉತ್ತರ: ಎರಡೂ ಬೇರೆ. ಆಹಾರ ಸುರಕ್ಷತಾ ನೋಂದಣಿ ಇದ್ದರೆ ಉದ್ಯಮ ಪರವಾನಗಿ ಇದ್ದಂತಲ್ಲ. ಈ ಪರವಾನಗಿಯನ್ನು ಪಾಲಿಕೆಯ ಆರೋಗ್ಯ ವಿಭಾಗದಿಂದ ಪಡೆದು, ಅವಧಿ ಮುಗಿದಂತೆ ನವೀಕರಿಸಬೇಕು. ವಾಸದ ವಲಯದ ಕಿರಿದಾದ ರಸ್ತೆಗಳಲ್ಲಿ ವಾಣಿಜ್ಯ ಚಟುವಟಿಕೆಗೆ ನಿರ್ಬಂಧಗಳಿರುವುದರಿಂದ, ನಿಮ್ಮ ರಸ್ತೆಯ ಅಗಲವನ್ನು ಅರ್ಜಿ ಹಾಕುವ ಮೊದಲೇ ವಿಚಾರಿಸಿಕೊಳ್ಳಿ. ಫಲಕ ಹಾಕುವುದಾದರೆ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿಯಂತೆ ಅದರ ಶೇ 60ರಷ್ಟು ಭಾಗ ಕನ್ನಡದಲ್ಲಿರಬೇಕು.

ಪ್ರಶ್ನೆ: ಪಕ್ಕದ ನಿವೇಶನದವರು ಒಂದಡಿ ಜಾಗವನ್ನೂ ಬಿಡದೆ ನಮ್ಮ ಗೋಡೆಗೆ ತಾಗಿಸಿ ಐದನೇ ಅಂತಸ್ತು ಏರಿಸುತ್ತಿದ್ದಾರೆ. ಕಿಟಕಿ ತೆರೆಯಲಾಗುತ್ತಿಲ್ಲ. ದೂರು ಕೊಟ್ಟರೆ “ನೋಟಿಸು ಕೊಟ್ಟಿದ್ದೇವೆ” ಎನ್ನುತ್ತಾರೆ, ಕೆಲಸ ಮಾತ್ರ ನಿಂತಿಲ್ಲ.

ಉತ್ತರ: ನೋಟಿಸು ಎಂಬ ಒಂದೇ ಹೆಸರಿನ ಹಿಂದೆ ಬೇರೆ ಬೇರೆ ಹಂತಗಳಿರುತ್ತವೆ; ನಿಮ್ಮ ಪ್ರಕರಣ ಯಾವ ಹಂತದಲ್ಲಿದೆಯೆಂದು ತಿಳಿಯದಿದ್ದರೆ ವರ್ಷಗಟ್ಟಲೆ ಇದೇ ಉತ್ತರ ಕೇಳಬೇಕಾಗುತ್ತದೆ. 1976ರ ಕಾಯ್ದೆಯ 321ನೇ ಕಲಮಿನಲ್ಲಿ ಇದ್ದ ಕ್ರಮವೇ 2020ರ ಬಿಬಿಎಂಪಿ ಕಾಯ್ದೆಯ 248ನೇ ಕಲಮಿಗೆ ಬಂದಿತು. ಮೊದಲು ನಕ್ಷೆಗೆ ವಿರುದ್ಧವಾದ ಭಾಗವನ್ನು ಗುರುತಿಸಿ ತಾತ್ಕಾಲಿಕ ಆದೇಶ, ಅದರ ಜೊತೆಗೆ ಏಕೆ ಕೆಡವಬಾರದೆಂದು ಕಾರಣ ಕೇಳುವ ನೋಟಿಸು, ಉತ್ತರವನ್ನು ಪರಿಶೀಲಿಸಿದ ಮೇಲೆ ದೃಢೀಕರಣ ಆದೇಶ. ದೃಢೀಕರಣ ಆದೇಶ ಆಗುವವರೆಗೆ ಕೆಡವಲು ಅಧಿಕಾರವಿಲ್ಲ. ಕಡತಗಳು ಬಹಳ ಸಲ ನಿಂತುಹೋಗುವುದು ಎರಡನೆಯ ಮತ್ತು ಮೂರನೆಯ ಹಂತದ ನಡುವೆ.

ಆದ್ದರಿಂದ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಆ ವಿಳಾಸದ ಮಂಜೂರಾದ ನಕ್ಷೆಯ ಪ್ರತಿ ಮತ್ತು ಈವರೆಗಿನ ನೋಟಿಸು ಹಾಗೂ ಆದೇಶಗಳ ಪ್ರತಿಗಳನ್ನು ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದಗಳೊಳಗೆ ಇರಬೇಕು. ಆದ್ದರಿಂದ ನಿಮ್ಮ ಕಷ್ಟವನ್ನೆಲ್ಲ ಅದರಲ್ಲಿ ತೋಡಿಕೊಳ್ಳದೆ ಬೇಕಾದ ದಾಖಲೆಗಳ ಹೆಸರನ್ನಷ್ಟೇ ಬರೆಯಿರಿ. ನಕ್ಷೆ ಕೈಗೆ ಬಂದ ಮೇಲೆ, ಅದರಲ್ಲಿ ಪಕ್ಕದಲ್ಲಿ ಎಷ್ಟು ಸೆಟ್‌ಬ್ಯಾಕ್ (ಗಡಿಯಿಂದ ಬಿಡಬೇಕಾದ ಖಾಲಿ ಜಾಗ) ತೋರಿಸಿದೆ, ಎಷ್ಟು ಅಂತಸ್ತಿಗೆ ಮಂಜೂರಾಗಿದೆ ಎಂಬುದನ್ನು ಸ್ಥಳದ ಛಾಯಾಚಿತ್ರಗಳ ಜೊತೆಗಿಟ್ಟು ಹೊಸ ದೂರು ಕೊಡಿ. ಗಾಳಿ ಬೆಳಕು ಇಲ್ಲವೆಂಬ ದೂರನ್ನು ಪಕ್ಕಕ್ಕಿಡುವುದು ಸುಲಭ. ಮಂಜೂರಾದ ನಕ್ಷೆಯಲ್ಲಿ ತೋರಿಸಿದ ಸೆಟ್‌ಬ್ಯಾಕ್ ಸ್ಥಳದಲ್ಲಿ ಒಂದಿಂಚೂ ಇಲ್ಲವೆಂದು ಅಳತೆಸಹಿತ ಬರೆದರೆ ಅಧಿಕಾರಿ ಹೌದು ಅಥವಾ ಅಲ್ಲ ಎನ್ನಲೇಬೇಕು.

ದೃಢೀಕರಣ ಆದೇಶವಾದರೆ ಪಕ್ಕದವರು ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿಗೆ, ಅಂದರೆ ಎಲ್ಲರೂ ಕೆಎಟಿ ಎಂದು ಕರೆಯುವಲ್ಲಿಗೆ, ಹೋಗಿ ತಡೆಯಾಜ್ಞೆ ತರುವುದು ವಾಡಿಕೆಯ ದಾರಿ. ಅಲ್ಲಿ ಎದುರುದಾರರಾಗಿರುವುದು ಪಾಲಿಕೆ ಮಾತ್ರ. ನೀವು ಬಾಧಿತರೆಂದು ಅರ್ಜಿ ಹಾಕಿ ಪ್ರಕರಣದಲ್ಲಿ ಸೇರಿಕೊಳ್ಳಬೇಕು. ಪಾಲಿಕೆಯ ವಕೀಲರ ಮುಂದೆ ರಾಶಿ ಪ್ರಕರಣಗಳಿರುತ್ತವೆ. ಕಿಟಕಿ ಮುಚ್ಚಿಹೋಗಿರುವುದು ನಿಮ್ಮದು. ತಡೆಯಾಜ್ಞೆಯನ್ನು ತೆರವು ಮಾಡಿಸಲು ಅವರಿಗಿಂತ ನಿಮಗೇ ಆತುರ ಹೆಚ್ಚು.

ಇನ್ನೊಂದು ಕಡೆಯ ನ್ಯಾಯವನ್ನೂ ಹೇಳಬೇಕು, ಏಕೆಂದರೆ ಇಂಥ ನೋಟಿಸು ಪಡೆದು ಗಾಬರಿಯಿಂದ ಬರೆದ ಓದುಗರೂ ಇದ್ದಾರೆ. 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನದಂತೆ, ಕಾರಣ ಕೇಳುವ ನೋಟಿಸಿಗೆ ಸ್ಥಳೀಯ ಕಾಯ್ದೆ ಹೇಳುವ ಅವಧಿ ಅಥವಾ 15 ದಿನ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ಕಾಲ ಕೊಡಬೇಕು. ಖುದ್ದು ಅಹವಾಲು ಕೇಳಬೇಕು. ಅಂತಿಮ ಆದೇಶದ ನಂತರವೂ 15 ದಿನ ಕೆಡವುವಂತಿಲ್ಲ. ರಸ್ತೆ, ಪಾದಚಾರಿ ಮಾರ್ಗ, ಕೆರೆ ಮೊದಲಾದ ಸಾರ್ವಜನಿಕ ಜಾಗದ ಒತ್ತುವರಿಗೆ ಈ ರಕ್ಷಣೆ ಇಲ್ಲ. ನಿಯಮ ಮೀರಿ ಕಟ್ಟಿದ ಗೋಡೆಯ ಹಿಂದೆಯೂ ಒಂದು ಕುಟುಂಬ ಮಲಗಿರುತ್ತದೆ. ಅದನ್ನು ಕೆಡವುವ ಮುನ್ನ ಅವರ ಮಾತು ಕೇಳಬೇಕೆಂಬುದು ನಿಮ್ಮ ದೂರನ್ನು ದುರ್ಬಲಗೊಳಿಸುವುದಿಲ್ಲ. ಕ್ರಮಬದ್ಧವಾಗಿ ನಡೆದ ಆದೇಶವೇ ಮೇಲ್ಮನವಿಯಲ್ಲಿ ನಿಲ್ಲುವುದು.

ಪ್ರಶ್ನೆ: ಮನೆ ಕಟ್ಟಿ ಮುಗಿಸಿದ್ದೇವೆ. ಮನೆ ನಕ್ಷೆಯಂತೆ ಕಟ್ಟಿ ಮುಗಿದಿದೆಯೆಂದು ಪಾಲಿಕೆ ಕೊಡುವ ಸ್ವಾಧೀನಾನುಭವ ಪತ್ರವಿಲ್ಲದೆ ಕಾಯಂ ವಿದ್ಯುತ್ ಸಂಪರ್ಕ ಕೊಡಲಾಗದು ಎನ್ನುತ್ತಾರೆ. ಇದು ಸರಿಯೇ?

ಉತ್ತರ: 2024ರ ಡಿಸೆಂಬರ್ 17ರ ಸುಪ್ರೀಂ ಕೋರ್ಟ್ ತೀರ್ಪಿನ ಪರಿಣಾಮ ಇದು, ಸ್ಥಳೀಯ ಅಧಿಕಾರಿಗಳು ಹುಟ್ಟುಹಾಕಿದ ನಿಯಮವಲ್ಲ. 1,200 ಚದರಡಿವರೆಗಿನ ನಿವೇಶನದಲ್ಲಿ ನೆಲಮಹಡಿ ಮತ್ತು ಎರಡು ಅಂತಸ್ತು, ಅಥವಾ ಸ್ಟಿಲ್ಟ್ (ಕಂಬಗಳ ಮೇಲೆ ನಿಂತ, ವಾಹನ ನಿಲ್ಲಿಸುವ ತೆರೆದ ತಳಮಹಡಿ) ಮತ್ತು ಮೂರು ಅಂತಸ್ತಿನ ವಾಸದ ಮನೆಗಳಿಗೆ ರಾಜ್ಯ ಸರ್ಕಾರ 2025ರ ಅಕ್ಟೋಬರ್‌ನಲ್ಲಿ ವಿನಾಯಿತಿ ನೀಡಿದೆ. ನಿಮ್ಮದು ಆ ಮಿತಿಯೊಳಗಿದ್ದರೂ ಮಂಜೂರಾದ ನಕ್ಷೆ ಬೇಡವೆಂದು ಅರ್ಥವಲ್ಲ. ಇನ್ನೂ ಕಟ್ಟಬೇಕೆಂದಿರುವವರು, 50×80 ಅಡಿವರೆಗಿನ ನಿವೇಶನಗಳಿಗೆ ನೋಂದಾಯಿತ ವಾಸ್ತುಶಿಲ್ಪಿ ಅಥವಾ ಎಂಜಿನಿಯರ್ ಮೂಲಕ ಆನ್‌ಲೈನ್‌ನಲ್ಲಿ ತಾತ್ಕಾಲಿಕ ಮಂಜೂರಾತಿ ಕೊಡುವ ‘ನಂಬಿಕೆ ನಕ್ಷೆ’ಯನ್ನು ಬಳಸಿಕೊಳ್ಳಿ. ತಾತ್ಕಾಲಿಕ ಎಂಬ ಮಾತನ್ನು ಮರೆಯಬೇಡಿ: ದಾಖಲೆಗಳ ಪರಿಶೀಲನೆ ಅದರ ನಂತರವೂ ನಡೆಯುತ್ತದೆ.

ಪ್ರಶ್ನೆ: ಚುನಾಯಿತ ಕೌನ್ಸಿಲ್ ಇಲ್ಲದಿದ್ದಾಗ ಬೈಲಾಗಳನ್ನು ಯಾರು ಮಾಡುತ್ತಾರೆ? ನಮ್ಮ ಅಭಿಪ್ರಾಯಕ್ಕೆ ಬೆಲೆಯಿದೆಯೇ?

ಉತ್ತರ: ಸಾಮಾನ್ಯ ಕ್ರಮದಲ್ಲಿ ಪ್ರಸ್ತಾವ ಸಂಬಂಧಪಟ್ಟ ಸ್ಥಾಯಿ ಸಮಿತಿಯ ಮುಂದೆ ಬಂದು, ಅಲ್ಲಿಂದ ಕೌನ್ಸಿಲ್ ಸಭೆಗೆ ಹೋಗಿ, ಚರ್ಚೆಯಾಗಿ ನಿರ್ಣಯವಾಗಬೇಕು; ಆಮೇಲೆ ಸರ್ಕಾರದ ಅನುಮೋದನೆ. ಹಡ್ಸನ್ ವೃತ್ತದ ಕೆಂಪೇಗೌಡ ಪೌರಸಭಾಂಗಣದಲ್ಲಿ 198 ವಾರ್ಡುಗಳ ಸದಸ್ಯರು ಕೂಡುತ್ತಿದ್ದ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಸಂವಿಧಾನದ 243ಯು ವಿಧಿ ಅವಧಿ ಮುಗಿಯುವುದರೊಳಗೆ ಚುನಾವಣೆ ನಡೆಯಬೇಕೆಂದು ಹೇಳಿದ್ದರೂ, ಆ ನಂತರದ ವರ್ಷಗಳಲ್ಲಿ ಕೌನ್ಸಿಲಿನ ಅಧಿಕಾರವನ್ನು ಸರ್ಕಾರ ನೇಮಿಸಿದ ಆಡಳಿತಾಧಿಕಾರಿಯೇ ಚಲಾಯಿಸಿದರು. ಕಾನೂನಿನ ದೃಷ್ಟಿಯಿಂದ ಆ ನಿರ್ಣಯಗಳು ಸಿಂಧು. ಆದರೆ ತೆರಿಗೆಯ ವಿಷಯದಲ್ಲಾಗಲಿ ಕಸದ ಶುಲ್ಕದ ವಿಷಯದಲ್ಲಾಗಲಿ ಎದ್ದುನಿಂತು “ನಮ್ಮ ವಾರ್ಡಿನಲ್ಲಿ ಇದು ನಡೆಯುವುದಿಲ್ಲ” ಎನ್ನುವ ಸದಸ್ಯರಿಲ್ಲದ ಸಭೆ ಎಷ್ಟು ಬಡವಾದದ್ದೆಂಬುದನ್ನು ಈ ನಗರ ಅನುಭವಿಸಿದೆ, ಮತ್ತು ಇದು ನನಗೆ ನಿಜವಾಗಿಯೂ ನೋವಿನ ಸಂಗತಿ. ಈಗ ಐದು ಪಾಲಿಕೆಗಳಿಗೆ ಸೇರಿ 369 ವಾರ್ಡುಗಳನ್ನು ಗುರುತಿಸಲಾಗಿದೆ.

ಕೌನ್ಸಿಲ್ ಇರಲಿ ಬಿಡಲಿ, ಬೈಲಾದ ಕರಡನ್ನು ರಾಜ್ಯಪತ್ರದಲ್ಲಿ ಪ್ರಕಟಿಸಿ ಆಕ್ಷೇಪಣೆ ಮತ್ತು ಸಲಹೆಗಳನ್ನು ಕರೆಯುವುದು ತಪ್ಪುವುದಿಲ್ಲ. ನಿಮ್ಮ ಅಭಿಪ್ರಾಯಕ್ಕೆ ಬೆಲೆ ಬರುವುದು ಅಲ್ಲಿಯೇ. ಕರಡು ಚೆನ್ನಾಗಿಲ್ಲ ಎಂದು ಬರೆದರೆ ಪ್ರಯೋಜನವಿಲ್ಲ. ಇಂಥ ಉಪವಿಧಿಯ ಇಂಥ ಸಾಲನ್ನು ತೆಗೆಯಬೇಕು, ಅದರ ಬದಲು ಈ ಸಾಲನ್ನು ಸೇರಿಸಬೇಕು, ಕಾರಣ ಇದು ಎಂದು ಬರೆಯಬೇಕು. ಉದಾಹರಣೆಗೆ, ಹಸಿ ಕಸವನ್ನು ಆವರಣದೊಳಗೇ ಗೊಬ್ಬರ ಮಾಡಬೇಕೆಂಬ ನಿಯಮ ನಿಮ್ಮ ಹಳೆಯ ವಠಾರಕ್ಕೆ ಸಾಧ್ಯವಿಲ್ಲವಾದರೆ, ವಠಾರದ ಮನೆಗಳ ಸಂಖ್ಯೆ, ಖಾಲಿ ಜಾಗದ ಅಳತೆ, ನೀವು ಸೂಚಿಸುವ ಬದಲಿ ವ್ಯವಸ್ಥೆ ಇಷ್ಟನ್ನೂ ಒಂದು ಪುಟದಲ್ಲಿ ಕೊಡಿ. ಸಂಘದ ಹೆಸರಿನಲ್ಲಿ ಒಂದೇ ಪ್ರತಿಗೆ ನೂರು ಸಹಿ ಮಾಡಿಸುವುದಕ್ಕಿಂತ, ತಮ್ಮ ತಮ್ಮ ಮನೆಯ ವಿವರ ಬರೆದ ಬೇರೆ ಬೇರೆ ಆಕ್ಷೇಪಣೆಗಳು ಮೇಲು. ಅವಧಿಯನ್ನು ಸಾಮಾನ್ಯವಾಗಿ ರಾಜ್ಯಪತ್ರದಲ್ಲಿ ಪ್ರಕಟವಾದ ದಿನದಿಂದ ಎಣಿಸಲಾಗುತ್ತದೆ. ದಿನಪತ್ರಿಕೆಯಲ್ಲಿ ಸುದ್ದಿ ಬರುವ ಹೊತ್ತಿಗೆ ಅದರಲ್ಲಿ ಕೆಲವು ದಿನಗಳು ಕಳೆದುಹೋಗಿರಬಹುದಾದ್ದರಿಂದ, ಸುದ್ದಿ ಓದಿದ ದಿನವೇ ರಾಜ್ಯಪತ್ರದ ದಿನಾಂಕವನ್ನು ಹುಡುಕಿ ಬರೆದಿಟ್ಟುಕೊಳ್ಳಿ.